ಮೇಷ್ಟ್ರು ನೆಟ್ಟ ಕೋಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಭೌತಶಾಸ್ತ್ರದ ಮೇಷ್ಟ್ರ ಬಗ್ಗೆ ಎರಡು ಮಾತಾಡಿ ಅಂದರು. ಹೊಗಳಿಕೆ ಅವರಿಗೆ ಹಿಡಿಸುತ್ತಿರಲಿಲ್ಲ. ಆದ್ದರಿಂದ ಅವರು ಮಾಡಿದ ಒಂದು ಪಾಠವನ್ನೇ ಹೇಳುತ್ತೇನೆ.

ಆಗ ನಮ್ಮ ಪ್ರಯೋಗಾಲಯ ಅಂದರೆ ಒಂದು ಬೀರು, ಅಷ್ಟೆ. ಮೇಷ್ಟ್ರು ಮೈದಾನದಲ್ಲಿ ಒಂದು ಮೀಟರ್ ಉದ್ದದ ಕೋಲು ನಿಲ್ಲಿಸುತ್ತಿದ್ದರು. ದಾರಕ್ಕೆ ಕಲ್ಲು ಕಟ್ಟಿ ಅದು ನೆಟ್ಟಗಿದೆಯೇ ಎಂದು ನೋಡುವುದು ನಮ್ಮ ಕೆಲಸ. ಹಗಲು ರಾತ್ರಿ ಸಮವಾಗುವ ಮಾರ್ಚ್ 21ರ ಸುಮಾರಿಗೆ, ಐದೈದು ನಿಮಿಷಕ್ಕೊಮ್ಮೆ ನೆರಳು ಅಳೆಯಬೇಕು. ಅತಿ ಗಿಡ್ಡ ನೆರಳು ಗಡಿಯಾರದ ಹನ್ನೆರಡಕ್ಕೆ ಬೀಳುವುದಿಲ್ಲ. ನಮ್ಮ ಕಡೆ ಹನ್ನೆರಡೂವರೆ ದಾಟಬೇಕು. ಅಳತೆ ಎಷ್ಟು ಬಂತೋ ಅಷ್ಟೇ ಬರೆಯಬೇಕು, ಪುಸ್ತಕಕ್ಕೆ ಹೊಂದಿಸಿ ತಿದ್ದಬಾರದು ಎನ್ನುವುದು ಅವರ ಕಟ್ಟಪ್ಪಣೆ.

ಆ ದಿನ ನೆರಳು ಹಾಸನದಲ್ಲಿ ಸುಮಾರು 23.1 ಸೆಂಟಿಮೀಟರ್, ಚನ್ನರಾಯಪಟ್ಟಣದಲ್ಲಿ 22.9, ಹೊಳೆನರಸೀಪುರ ಮತ್ತು ಅರಕಲಗೂಡಿನಲ್ಲಿ 22.7 ಇರಬೇಕು. ವ್ಯತ್ಯಾಸ ನಾಲ್ಕು ಮಿಲಿಮೀಟರ್ ಮಾತ್ರ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ಅಂಚೇ ಸುಮಾರು ಒಂಬತ್ತು ಮಿಲಿಮೀಟರ್ ಮಸುಕಾಗಿರುತ್ತದೆ. ನಮ್ಮ ನಾಲ್ಕು ತಾಲ್ಲೂಕು ಸೇರಿದರೂ ಭೂಮಿ ಗುಂಡಗಿದೆ ಎಂದು ಕೋಲಿನಿಂದ ತೋರಿಸುವುದು ಕಷ್ಟ. ಅದಕ್ಕೆ ದೂರದ ಸ್ನೇಹಿತ ಬೇಕು.

ಅದೇ ದಿನ ಕಾಠ್ಮಂಡುವಿನ ಶಾಲೆಯ ಮಕ್ಕಳು ಅಳೆದರೆ ಸುಮಾರು 52.5 ಸೆಂಟಿಮೀಟರ್ ಬರುತ್ತದೆ. ಅಲ್ಲಿಯ ಕೋನ 27.7 ಡಿಗ್ರಿ, ಹೊಳೆನರಸೀಪುರದ್ದು 12.8. ವ್ಯತ್ಯಾಸ 14.9. ಎರಡೂ ಊರುಗಳ ಉತ್ತರ–ದಕ್ಷಿಣ ಅಂತರ ಸುಮಾರು 1,650 ಕಿಲೋಮೀಟರ್. ಅದನ್ನು 360ರಿಂದ ಗುಣಿಸಿ 14.9ರಿಂದ ಭಾಗಿಸಿ: ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಹತ್ತಿರ ಬರುತ್ತದೆ! ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ಥೆನೀಸ್ ಹಿಡಿದ ದಾರಿಯೂ ಇದೇ. ಇಂದು ಹಲವು ದೇಶಗಳ ಶಾಲೆಗಳು ಈ ಅಳತೆಯನ್ನು ಇಂಟರ್ನೆಟ್ಟಿನಲ್ಲಿ ಹಂಚಿಕೊಂಡು ಲೆಕ್ಕ ಹಾಕುತ್ತವೆ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಮೇಲೇರಿತು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತ ಅದನ್ನು ನೋಡಿಕೊಂಡದ್ದು ಹಾಸನದ ಕೇಂದ್ರ. ಇಷ್ಟಾದರೂ ಹಾಸನಕ್ಕೆ ದಿನಾ ಬಸ್ಸು ಹತ್ತಬೇಕಲ್ಲ ಎನ್ನುವ ಕಾರಣಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದ ಹೆಣ್ಣುಮಕ್ಕಳ ವಿಜ್ಞಾನದ ಓದು ನಿಲ್ಲುವುದುಂಟು. ಊರಿನ ಹಿರಿಯರು ಮನಸ್ಸು ಮಾಡಿದರೆ ಅದು ತಪ್ಪುತ್ತದೆ.

ಹಳೆಯ ವಿದ್ಯಾರ್ಥಿಗಳು ಶಾಲೆಗೆ ಕಮಾನು, ನಾಮಫಲಕ ಕೊಡುತ್ತೇವೆ, ಸಂತೋಷ. ಜೊತೆಗೆ ಇನ್ನೊಂದು ಮಾಡೋಣ. ಹೊರದೇಶದಲ್ಲಿರುವ ಒಬ್ಬೊಬ್ಬರೂ ತಮ್ಮೂರಿನ ಒಂದು ಶಾಲೆಯನ್ನು ನಮ್ಮ ಶಾಲೆಗೆ ಪರಿಚಯಿಸಲಿ. ಮುಂದಿನ ಮಾರ್ಚಿನಲ್ಲಿ ಇಲ್ಲಿಯ ಎಂಟನೇ ತರಗತಿಯವರು ಅಳೆದ ನೆರಳನ್ನು ಅಲ್ಲಿಗೆ ಕಳಿಸಲಿ, ಅಲ್ಲಿಯದು ಇಲ್ಲಿಗೆ ಬರಲಿ. ಖರ್ಚು ಒಂದು ಕೋಲು, ಒಂದು ಟೇಪು, ಒಂದು ನೋಟ್‌ಬುಕ್.

ಮಕ್ಕಳೇ, ಬಂದ ಅಂಕಿಯನ್ನು ತಿದ್ದಬೇಡಿ. ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಇಲ್ಲ.