ಕೇಸು ಮುಗಿಯೋವರೆಗೂ ಹೊಟ್ಟೆ ಕಾಯ್ತದಾ?
(ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಗಂಡನನ್ನು ಬಿಟ್ಟು ಬಂದ ನಮ್ಮ ಕೇರಿಯ ಹೆಣ್ಣುಮಗಳು ಎಷ್ಟೋ ಸಲ ತೀರ್ಪು ಬರೋಕೆ ಮುಂಚೇನೇ ಕೇಸು ಸೋಲ್ತಾಳೆ. ರಾಮನಗರದಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ರೇಷ್ಮೆ ನೂಲು ತೆಗೆಯುವವಳು, ಚನ್ನಪಟ್ಟಣದಲ್ಲಿ ಬೊಂಬೆಗೆ ಬಣ್ಣ ಹಚ್ಚುವವಳು, ಮಾಗಡಿ, ಕನಕಪುರದ ಕಡೆ ರಾಗಿ ಹೊಲದ ಕೂಲಿಯವಳು, ವಾಯಿದೆಗೆ ಹೋದ ದಿನ ಇವರ ಕೂಲಿ ಹೋಯಿತು. 2023ರಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆ, ಸರಿ. ಕಳೆದ ಕೂಲಿಯನ್ನು ಯಾವ ಕಂಡಕ್ಟರ್ ಕೊಡ್ತಾನೆ? ಗಂಡನ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ವಾಯಿದೆ ಮೇಲೆ ವಾಯಿದೆ ಕೇಳ್ತಾರೆ. ಆಮೇಲೆ ಊರ ಯಜಮಾನರು ಬಂದು, 'ಹತ್ತೋ ಇಪ್ಪತ್ತೋ ಸಾವಿರ ಈಸ್ಕೊಂಡು ಸೈನ್ ಹಾಕವ್ವ' ಅಂತಾರೆ. ಇದಕ್ಕೆ ರಾಜಿ ಅಂತ ಹೆಸರು. ಹಸಿದವಳ ಕೈಲಿ ಒತ್ತಿಸಿಕೊಂಡ ಹೆಬ್ಬೆಟ್ಟಿಗೆ ಎಷ್ಟು ಚಂದದ ಹೆಸರು!

1955ರ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಇರೋದು ಇದಕ್ಕೇನೇ. ವಿಚ್ಛೇದನವಾಗಲಿ, ಬೇರೆ ಇರಲು ಕೇಳುವ ದಾವೆಯಾಗಲಿ, ಕೇಸು ನಡೆಯುವಷ್ಟು ದಿನ ಮಧ್ಯಂತರ ಜೀವನಾಂಶವನ್ನೂ, ವಕೀಲರ ಫೀಸೂ ಸೇರಿದ ಕೇಸಿನ ಖರ್ಚನ್ನೂ ಕೇಳಬಹುದು. ದಾವೆ ಹಾಕಿದವನು ಗಂಡನೇ ಆಗಿದ್ದರೂ ಕೇಳಬಹುದು. (ವರಮಾನವಿಲ್ಲದ ಗಂಡನೂ ಕೇಳಬಹುದು, ಕಾಯ್ದೆ ಇಬ್ಬರಿಗೂ ಇದೆ.) ಆದರೆ ತಾನಾಗಿ ಬರೋದಿಲ್ಲ, ಅರ್ಜಿ ಹಾಕಲೇಬೇಕು. ನೋಟೀಸು ಮುಟ್ಟಿದ 60 ದಿನದೊಳಗೆ ಸಾಧ್ಯವಾದಷ್ಟೂ ತೀರ್ಮಾನವಾಗಬೇಕು ಎಂದು 2001ರ ತಿದ್ದುಪಡಿ ಹೇಳುತ್ತದೆ. 'ಸಾಧ್ಯವಾದಷ್ಟೂ' ಅನ್ನೋ ಆ ಒಂದು ಮಾತಿನ ಸಂದಿಯಲ್ಲೇ ತಿಂಗಳುಗಳು ನುಸುಳಿಹೋಗ್ತವೆ.

'ಅವಳು ಕೂಲಿ ಮಾಡ್ತಾಳಲ್ಲ ಸ್ವಾಮಿ' ಅಂತ ಎದುರು ವಕೀಲರು ಎದ್ದು ನಿಲ್ತಾರೆ. ಮಾಡಲಿ. ಆ ಕೂಲಿ ಅವಳ ಬದುಕಿಗೂ ಕೇಸಿಗೂ ಸಾಕಾಗ್ತದಾ ಅನ್ನೋದು ಕಾಯ್ದೆಯ ಪ್ರಶ್ನೆ. 2020ರ ನವೆಂಬರ್ 4ರಂದು ರಜನೀಶ್-ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಖಡಾಖಂಡಿತವಾಗಿ ಹೇಳಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಶುರು. ಅಂದಮೇಲೆ ಅರ್ಜಿ ಒಂದು ತಿಂಗಳು ತಡವಾದರೆ ಒಂದು ತಿಂಗಳ ಅನ್ನ ಹೋಯಿತು.

ನೀವು ಬೇಕಾಗಿರೋದು ಇಲ್ಲೇ ಕಣ್ರಪ್ಪ. ಆ ಪ್ರಮಾಣಪತ್ರ ಪುಟಗಟ್ಟಲೆ ಇರ್ತದೆ, ಅಕ್ಷರ ಬಾರದ ಅಕ್ಕ ಹೇಗೆ ತುಂಬ್ತಾಳೆ? ಜೊತೆಗೆ ಕೂತು ತುಂಬಿಸಿ. ಭಾವನ ಜಮೀನಿನ ಪಹಣಿ, ಮಕ್ಕಳ ಸ್ಕೂಲ್ ಫೀಸಿನ ರಸೀದಿ, ಮನೆ ಬಾಡಿಗೆ ಲೆಕ್ಕ ಹುಡುಕಿಡಿ. ಒಂದು ಸುಳ್ಳನ್ನೂ ಸೇರಿಸಬೇಡಿ. ವಕೀಲರಿಗೋಸ್ಕರ ಓಲೆ ಅಡ ಇಡೋದೂ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ವರಮಾನ ನೋಡದೆ ಪುಕ್ಕಟೆ ವಕೀಲರನ್ನು ಕೊಡಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಆದೇಶವಾದ ಮೇಲೂ ಗಂಡ ಕೊಡದಿದ್ದರೆ ವಸೂಲಿಗೆ ಮತ್ತೆ ಅರ್ಜಿ ಹಾಕಬೇಕಾಗ್ತದೆ, ಆವಾಗಲೂ ಅಕ್ಕನ ಜೊತೆ ಹೋಗಿ.