ಮೂರಕ್ಷರದ ಓಟ
(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಕನ್ನಡ ಸಂಘದ ವೇದಿಕೆಯ ಮೇಲೆ ನಿಂತು ಇಂಗ್ಲಿಷಿನ ಒಂದು ಪದವನ್ನು ಕುರಿತು ಮಾತನಾಡಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆ ಪದ ‘ರನ್’. ಇಂಗ್ಲಿಷಿನಲ್ಲಿ ಮೂರೇ ಅಕ್ಷರ. ಕ್ರಿಕೆಟ್ಟಿನ ದೆಸೆಯಿಂದ ಇಂಗ್ಲಿಷ್ ಬಾರದವರ ನಾಲಿಗೆಯ ಮೇಲೂ ಮನೆಮಾಡಿರುವ ಮಾತು. ಈ ಮುಂಬಯಿಯಲ್ಲಿ ಮೂವತ್ತು ವರ್ಷ ಜಾಹೀರಾತುಗಳನ್ನೂ ಔಷಧದ ಚೀಟಿಗಳನ್ನೂ ಕನ್ನಡಕ್ಕೆ ತರುವ ಕೆಲಸದಲ್ಲಿ ಸವೆದ ನನಗೆ ಈ ಪುಟ್ಟ ಪದ ಕೊಟ್ಟಷ್ಟು ಕಾಟವನ್ನು ಯಾವ ಉದ್ದ ಪದವೂ ಕೊಟ್ಟಿಲ್ಲ. ಉದ್ದ ಪದಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ. ನಿಘಂಟು ತೆರೆದರೆ ಮುಗಿಯಿತು.

ಆಕ್ಸ್‌ಫರ್ಡಿನ ಮಹಾನಿಘಂಟಿನ ಕಥೆ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಅದರ ಮೊದಲ ಸಂಚಿಕೆ ಹೊರಬಂದದ್ದು 1884ರಲ್ಲಿ. ಕೆಲಸ ಮುಗಿದದ್ದು 1928ರಲ್ಲಿ. ಸಂಪಾದಕ ಜೇಮ್ಸ್ ಮರ್ರೆ 1915ರಲ್ಲಿಯೇ ತೀರಿಕೊಂಡಿದ್ದರು. 1989ರ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ನಮೂದು ‘ಸೆಟ್’ ಎಂಬ ಪದದ್ದು. ಪರಿಷ್ಕರಣ ಮುಂದುವರಿದಂತೆ ಆ ಪಟ್ಟ ‘ರನ್’ ಪದಕ್ಕೆ ಬಂದಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳೆಂದು 2011ರಲ್ಲಿ ಪ್ರಕಟವಾಯಿತು. ಪೀಟರ್ ಗಿಲ್ಲಿವರ್ ಎಂಬ ನಿಘಂಟುಕಾರರು ಈ ಒಂದು ಪದದ ಮೇಲೆ ಸುಮಾರು ಒಂಬತ್ತು ತಿಂಗಳು ದುಡಿದರಂತೆ. ಒಂದು ಬಸಿರಿನ ಅವಧಿ!

ಇಷ್ಟೊಂದು ಅರ್ಥಗಳು ಎಲ್ಲಿಂದ ಬಂದವು? ಮನುಷ್ಯನ ಓಟ, ನೀರಿನ ಹರಿವು ಇವೆರಡೂ ಈ ಪದದಲ್ಲಿ ಹಳೆಯ ಕಾಲದಿಂದಲೇ ಇದ್ದವು. ಆಮೇಲೆ ಯಂತ್ರಗಳ ಯುಗ ಬಂದಿತು. ಗಡಿಯಾರ, ಗಿರಣಿ, ರೈಲು, ಕೊನೆಗೆ ಗಣಕಯಂತ್ರದೊಳಗಿನ ಆಜ್ಞಾವಳಿ ಎಲ್ಲವೂ ಇಂಗ್ಲಿಷಿನಲ್ಲಿ ‘ಓಡ’ತೊಡಗಿದವು. ಅಂಗಡಿಯನ್ನು ‘ಓಡಿಸು’ವವನು ಯಜಮಾನ. ಪತ್ರಿಕೆ ಸುದ್ದಿಯನ್ನು ‘ಓಡಿಸು’ತ್ತದೆ. ಅಮೆರಿಕದವನು ಚುನಾವಣೆಗೆ ‘ಓಡು’ತ್ತಾನೆ, ಬ್ರಿಟಿಷನು ‘ನಿಲ್ಲು’ತ್ತಾನೆ. ನಾವೂ ನಿಲ್ಲುವವರೇ. (ನಿಂತು ಗೆದ್ದ ಮೇಲೆ ಓಡುವವರೂ ನಮ್ಮಲ್ಲುಂಟು, ಅದು ಬೇರೆ ವಿಷಯ.)

ಇವನ್ನೆಲ್ಲ ಕನ್ನಡಕ್ಕೆ ತರುವಾಗ ಏನಾಗುತ್ತದೆ ನೋಡಿ. ಮೂಗು ಸೋರುತ್ತದೆ, ಜ್ವರ ಬರುತ್ತದೆ, ಸೀರೆ ಬಣ್ಣ ಬಿಡುತ್ತದೆ, ಹಾಲು ಮುಗಿಯುತ್ತದೆ, ಗೆಳೆಯ ಎದುರಾಗುತ್ತಾನೆ, ಹಠಮಾರಿತನ ವಂಶದಲ್ಲಿ ಬರುತ್ತದೆ. ಇಂಗ್ಲಿಷಿನವನು ಇಷ್ಟಕ್ಕೂ ಒಂದೇ ಕುದುರೆಯನ್ನು ಹೂಡಿದ್ದಾನೆ. ನಮ್ಮಲ್ಲಿ ಕೆಲಸಕ್ಕೊಂದು ಕ್ರಿಯಾಪದ. ಒಂದು ಶೀತದ ಮಾತ್ರೆಯ ಜಾಹೀರಾತಿನ ಕನ್ನಡ ಕರಡಿನಲ್ಲಿ ‘ನಿಮ್ಮ ಮೂಗು ಓಡುತ್ತಿದೆಯೇ?’ ಎಂದಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ತಿದ್ದಲು ಹೋದರೆ, ‘ಮೂಲದಲ್ಲಿ ಹಾಗೆಯೇ ಇದೆಯಲ್ಲ’ ಎಂಬ ಉತ್ತರ ಬಂದಿತು.

ಹಾಗೆಂದು ಕನ್ನಡದಲ್ಲಿ ನೂರು ಭಾರ ಹೊರುವ ಪುಟ್ಟ ಪದಗಳಿಲ್ಲವೆಂದಲ್ಲ. ಸುತ್ತಲಿನ ಮರಾಠಿಯಲ್ಲಿ ‘ಚಾಲೇಲ್’ ಎಂದರೆ ಎಲ್ಲಕ್ಕೂ ಒಪ್ಪಿಗೆ. ನಮ್ಮ ಧಾರವಾಡದ ಕಡೆಯವರು ಅಲ್ಲಿ ‘ನಡೀತದ’ ಎನ್ನುತ್ತಾರೆ. ಸಂಸಾರ, ಅಂಗಡಿ, ಗಡಿಯಾರ, ಮೊಕದ್ದಮೆ ಎಲ್ಲವೂ ನಮ್ಮಲ್ಲಿ ನಡೆಯುತ್ತವೆ. ಇಂಗ್ಲಿಷಿಗೆ ಅವಸರ, ನಮಗೆ ನಡಿಗೆ. ಇನ್ನು ‘ಹರಿ’ ಎಂಬ ಎರಡಕ್ಷರವನ್ನು ನೋಡಿ. ನೀರು ಹರಿಯುತ್ತದೆ, ಹಾವು ಹರಿಯುತ್ತದೆ, ಬೆಳಕು ಹರಿಯುತ್ತದೆ, ಬಟ್ಟೆ ಹರಿಯುತ್ತದೆ, ಋಣ ಹರಿಯುತ್ತದೆ, ಜಗಳ ಬಗೆಹರಿಯುತ್ತದೆ. ಆಗದ ಕೆಲಸ ‘ನನ್ನ ಕೈಲಿ ಹರಿಯದು’. ಲಾರಿ ಮೈಮೇಲೆ ಹರಿದರೆ ಇಂಗ್ಲಿಷಿನವನು ಅಲ್ಲಿಯೂ ‘ರನ್’ ಎನ್ನುತ್ತಾನೆ. ಹೆಂಗಸರ ಕಾಲುಚೀಲದ ಎಳೆ ಹರಿದರೆ ಅಮೆರಿಕದವರಿಗೆ ಅದೂ ‘ರನ್’! ಎಲ್ಲಿಯ ನಂಟು ಎಲ್ಲಿಗೆ. ಸಂಸ್ಕೃತದಿಂದ ಬಂದ ವಿಷ್ಣು, ಸಿಂಹ, ಕಪಿಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ನನ್ನ ಆತಂಕ ಇಂಗ್ಲಿಷಿನ ಸಿರಿವಂತಿಕೆಯ ಬಗೆಗಲ್ಲ. ನಮ್ಮ ಮನೆಗಳಲ್ಲಿ ಮಕ್ಕಳು ಈಗ ‘ಪಂಪು ರನ್ ಆಗ್ತಿದೆ’, ‘ಅಂಗಡಿ ರನ್ ಮಾಡ್ತಾರೆ’, ‘ಗ್ಯಾಸು ರನ್ ಔಟ್ ಆಯ್ತು’ ಎನ್ನುತ್ತಾರೆ. ‘ಗ್ಯಾಸು’, ‘ಪಂಪು’ ಎಂಬ ನಾಮಪದಗಳು ಬಂದರೆ ನನ್ನ ತಕರಾರಿಲ್ಲ. ವಸ್ತು ಬಂದಾಗ ಹೆಸರೂ ಬರುತ್ತದೆ. ಆದರೆ ಕ್ರಿಯಾಪದ ಹೊರಗಿನದಾದಾಗ ಕನ್ನಡಕ್ಕೆ ಉಳಿಯುವುದು ‘ಮಾಡು’, ‘ಆಗು’ ಎಂಬ ಎರಡೇ ಕೂಲಿಯಾಳುಗಳು. ಸೋರು, ಸುರಿ, ತೀರು, ಹಾಯು, ಸಾಗು ಇವು ಮನೆಯಿಂದ ಸದ್ದಿಲ್ಲದೆ ಹೊರಡುತ್ತವೆ. ಊರಿನಲ್ಲಾದರೆ ಬೀದಿಯಲ್ಲಾದರೂ ಕಿವಿಗೆ ಬಿದ್ದೀತು. ಇಲ್ಲಿ ನಮ್ಮ ಮಕ್ಕಳಿಗೆ ಕನ್ನಡದ ಬೀದಿಯಿಲ್ಲ. ಅಡುಗೆಮನೆಯಲ್ಲಿ ಸತ್ತ ಮಾತು ಅವರ ಪಾಲಿಗೆ ಸತ್ತಂತೆಯೇ.

ನಿಘಂಟುಗಳಿಲ್ಲವೇ ಎನ್ನಬಹುದು. ಕಿಟ್ಟೆಲರ ನಿಘಂಟು 1894ರಲ್ಲಿಯೇ ಬಂದಿತು. ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು 1995ರಲ್ಲಿ ಪೂರ್ಣಗೊಂಡಿತು; ಅದಕ್ಕಾಗಿ ದೀರ್ಘಕಾಲ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ನೂರೇಳು ವರ್ಷ ಬಾಳಿ 2021ರಲ್ಲಿ ನಮ್ಮನ್ನಗಲಿದರು. ಆ ಸಂಪುಟಗಳಲ್ಲಿ ಪದಗಳು ಕ್ಷೇಮವಾಗಿವೆ. ಆದರೆ ಎಂಟು ವರ್ಷದ ಹುಡುಗಿ ಮೂಗು ಸೋರುವಾಗ ನಿಘಂಟು ತೆರೆಯುವುದಿಲ್ಲ.

ಆದ್ದರಿಂದ ಒಂದು ಸಣ್ಣ ಕೋರಿಕೆ. ನಮ್ಮಲ್ಲಿ ಉಡುಪಿಯ ಹೋಟೆಲುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರಿದ್ದಾರೆ. ವಿಜಾಪುರ, ಕಲಬುರ್ಗಿಗಳಿಂದ ಕಟ್ಟಡದ ಕೆಲಸಕ್ಕೆ ಬಂದವರಿದ್ದಾರೆ. ಇವರ ಕ್ರಿಯಾಪದಗಳು ಒಂದೇ ಬಗೆಯವಲ್ಲ. ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟುಪುಸ್ತಕವಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಮಕ್ಕಳು ಆಡದೆ ಬಿಟ್ಟ ಒಂದೊಂದು ಕ್ರಿಯಾಪದವನ್ನು, ಅದು ಬರುವ ವಾಕ್ಯದೊಡನೆ, ಅದರಲ್ಲಿ ಬರೆಯಿರಿ. ಭಾನುವಾರದ ಕನ್ನಡ ತರಗತಿಗೆ ಅದೇ ಪಾಠ. ಸಭೆ ಆರಂಭವಾಗುವ ಮೊದಲೇ ಹಿರಿಯರೊಬ್ಬರು ಮೊದಲ ಸಾಲು ತುಂಬಿಸಿದ್ದಾರೆ: ‘ಮಲಗುವ ಮುಂಚೆ ದೀಪ ದೊಡ್ಡದು ಮಾಡು.’ ಹಾಗೆಂದರೆ ಆರಿಸು ಎಂದರ್ಥವೆಂದು ಹಿಂದಿನ ಸಾಲಿನಲ್ಲಿ ಕುಳಿತ ಮಕ್ಕಳಿಗೆ ಯಾರಾದರೂ ಹೇಳಬೇಕು.