ಜರ್ಮನಿಯ ಬೆಲೆ ಏರಿಕೆ ಮತ್ತು ನಮ್ಮ ಠೇವಣಿ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿ ಹಬ್ಬದ ದಿನ ಜರ್ಮನಿಯ ಮಾತು ಯಾಕಪ್ಪಾ ಅಂತ ನೀವು ಕೇಳಬಹುದು. ಕಾರಣವಿದೆ. ನಮ್ಮಂಥ ಸಂಘಗಳ ಬೇರು ಇರುವುದು ಅಲ್ಲೇ. 1846-47ರ ಹಸಿವಿನ ಚಳಿಗಾಲದಲ್ಲಿ ರೈಫೈಸನ್ ಎಂಬ ಹಳ್ಳಿಯ ಮೇಯರ್ ಬಡವರಿಗೆ ಬ್ರೆಡ್ಡನ್ನು ಸಾಲವಾಗಿ ಕೊಡಿಸಿದರು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ರೈತರ ಸಾಲದ ಸಂಘ ಕಟ್ಟಿದರು. ಆ ಮಾದರಿಯನ್ನು ನೋಡಿಯೇ ನಮ್ಮಲ್ಲಿ 1904ರ ಕಾಯಿದೆ ಬಂತು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಂಘ ಹುಟ್ಟಿತು.

ಅದೇ ಜರ್ಮನಿ ದುಡ್ಡಿನ ವಿಷಯದಲ್ಲಿ ಪಟ್ಟ ಪಾಡು ದೊಡ್ಡದು. 1914ರಲ್ಲಿ ಒಂದು ಡಾಲರಿಗೆ ನಾಲ್ಕು ಮಾರ್ಕು ಚಿಲ್ಲರೆ. ಆಮೇಲೆ ಯುದ್ಧದ ಸಾಲ, ಸೋತದ್ದಕ್ಕೆ ಪರಿಹಾರ, ರೂರ್ ಪ್ರಾಂತ್ಯದಲ್ಲಿ ಕೆಲಸ ನಿಲ್ಲಿಸಿದವರಿಗೆ ಕೂಲಿ. ಎಲ್ಲಕ್ಕೂ ಸರ್ಕಾರ ನೋಟು ಅಚ್ಚು ಹಾಕುತ್ತಾ ಹೋಯಿತು. 1923ರ ನವೆಂಬರ್ ಹೊತ್ತಿಗೆ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕು! ಸಂಬಳ ಕೈಗೆ ಬಂದ ಕೂಡಲೇ ಅಂಗಡಿಗೆ ಓಡಬೇಕು, ಸಂಜೆಗೆ ಬೆಲೆ ಬೇರೆ. ಸಾಲಗಾರರು ಬಚಾವಾದರು. ಮುದಿ ವಯಸ್ಸಿಗೆ ಅಂತ ಕೂಡಿಟ್ಟವರು ಬೀದಿಗೆ ಬಿದ್ದರು. ಹೊಸ ನಾಣ್ಯ ತಂದಾಗ ಅದರ ಒಂದಕ್ಕೆ ಹಳೆಯ ಒಂದು ಲಕ್ಷ ಕೋಟಿ ಮಾರ್ಕು ಕೊಡಬೇಕಾಯಿತು.

ಆ ಭಯ ಆ ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಹಾಗಿದ್ದೂ 2022ರಲ್ಲಿ ಮತ್ತೆ ಪೆಟ್ಟು ಬಿತ್ತು. ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋಯಿತು, ಗ್ಯಾಸ್ ದುಬಾರಿಯಾಯಿತು. ಜರ್ಮನಿಯ ಗ್ರಾಹಕ ಬೆಲೆ 2021ರಲ್ಲಿ ಶೇಕಡಾ 3.1, 2022ರಲ್ಲಿ 6.9, 2023ರಲ್ಲಿ 5.9 ಏರಿತು. 2024ರಲ್ಲಿ ಏರಿಕೆ 2.2ಕ್ಕೆ ಇಳಿಯಿತು. ಆಹಾರ ಪದಾರ್ಥಗಳೊಂದೇ 2022ರಲ್ಲಿ 13.4, 2023ರಲ್ಲಿ 12.4 ಏರಿದವು. ಬಡವರ ಖರ್ಚೆಲ್ಲ ಹೊಟ್ಟೆಗೇ ಅಲ್ಲವೇ? ಹಾಗಾಗಿ ಅವರಿಗೆ ತಟ್ಟಿದ್ದು ಸರಾಸರಿಗಿಂತ ಹೆಚ್ಚು.

ಇಲ್ಲೊಂದು ಮಾತು ಗಮನಿಸಿ. ಏರಿಕೆಯ ದರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅಲ್ಲ. ಬಸ್ಸು ನಿಧಾನ ಆಯಿತೇ ಹೊರತು ಹಿಂದಕ್ಕೆ ಬರಲಿಲ್ಲ. 2020ರಲ್ಲಿ 100 ಯೂರೋಗೆ ಸಿಗುತ್ತಿದ್ದ ಸಾಮಾನಿಗೆ 2024ರಲ್ಲಿ 119 ಯೂರೋ ಚಿಲ್ಲರೆ ಬೇಕಾಯಿತು. ಬಡ್ಡಿಯಿಲ್ಲದೆ ಮನೆಯಲ್ಲಿ ಇಟ್ಟ 100 ಯೂರೋ ಸುಮಾರು 84ರಷ್ಟೇ ಬೆಲೆಬಾಳಿತು. ಕಳ್ಳ ಬರಲಿಲ್ಲ, ಬೀಗ ಮುರಿಯಲಿಲ್ಲ, ದುಡ್ಡು ಮಾತ್ರ ಕರಗಿತು.

ಈಗ ನಮ್ಮ ಸಂಘಕ್ಕೆ ಬರೋಣ. ಮಹಾಸಭೆಯಲ್ಲಿ ಸಾಲದ ಬಡ್ಡಿ ಇಳಿಸಿ ಅಂತ ಕೂಗುವವರು ಬಹಳ. ಮೂಲೆಯಲ್ಲಿ ಕೂತ ಠೇವಣಿದಾರ ತಾಯಂದಿರು ಮಾತಾಡುವುದಿಲ್ಲ. ಠೇವಣಿಗೆ ಶೇಕಡಾ 6 ಕೊಟ್ಟು ಬೆಲೆ 7 ಏರಿದರೆ, ಪಾಸ್‌ಬುಕ್ಕಿನಲ್ಲಿ ಹಣ ಬೆಳೆದಿರುತ್ತದೆ, ಸಂತೆಯಲ್ಲಿ ಕುಗ್ಗಿರುತ್ತದೆ. ಆ ನಷ್ಟದ ಮೇಲೆಯೇ ನಮಗೆ ಅಗ್ಗದ ಸಾಲ ಸಿಗುತ್ತದೆ ಅನ್ನುವುದನ್ನು ಮರೆಯಬಾರದು. ನಾನೂ ಸಾಲಗಾರನೇ, ಅದಕ್ಕೇ ಹೇಳುತ್ತಿದ್ದೇನೆ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ: ಬಡ್ಡಿ ಗೊತ್ತು ಮಾಡುವಾಗ ಆ ವರ್ಷದ ಬೆಲೆ ಏರಿಕೆಯ ಅಂಕಿಯನ್ನು ಸಭೆಯಲ್ಲಿ ಓದಿ ಹೇಳಿ. ಸದಸ್ಯರು ಸಾಲದ ಕಂತನ್ನು ಹೊತ್ತಿಗೆ ಸರಿಯಾಗಿ ಕಟ್ಟಲಿ. ಕಂತು ಬಂದರೆ ತಾನೇ ಠೇವಣಿಗೆ ನ್ಯಾಯವಾದ ಬಡ್ಡಿ?